ಬಿಚ್ಚೋಕೆ ಬರೋ ಮೌಂಟು

ಮೊದಲೇ ಹೇಳಿಬಿಡ್ತೀನಿ. ನಾನು ಎಲ್‌ಕೆಜಿಯಿಂದ ಪಿಯುಸಿವರೆಗೆ ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಮನೇಲಿ ಕನ್ನಡ ಮಾತಾಡ್ತೀವಿ, ಆದ್ರೆ ಪರೀಕ್ಷೆ ಬಿಟ್ಟು ಬೇರೆ ಯಾವುದಕ್ಕೂ ನಾನು ಎರಡು ಪುಟ ಕನ್ನಡ ಬರೆದವಳಲ್ಲ. ಸಂಘದವರು "ನಿಮ್ಮ ರಾಕೆಟ್ ಟೀಮಿನ ಬಗ್ಗೆ ಏನಾದ್ರೂ ಬರಿ" ಅಂದಾಗ, ನಮ್ಮ ಟೀಮಿನ ಇಂಗ್ಲಿಷ್ ರಿಪೋರ್ಟನ್ನೇ ಕನ್ನಡಕ್ಕೆ ತಿರುಗಿಸಿ ಕೊಟ್ಟುಬಿಡೋಣ ಅಂದ್ಕೊಂಡೆ. ಎರಡನೇ ಪ್ಯಾರಾದಲ್ಲೇ ಸಿಕ್ಕಿಹಾಕ್ಕೊಂಡೆ. ಅಲ್ಲಿ ಒಂದು ವಾಕ್ಯ ಇತ್ತು: "ಮೋಟಾರ್ ರಿಟೆನ್ಷನ್ ಫೇಲ್ಯೂರ್ ವಾಸ್ ಅಬ್ಸರ್ವ್ಡ್." ಮೋಟಾರು ಹಿಡಿತ ತಪ್ಪಿದ್ದು ಕಂಡುಬಂತು ಅಂತ. ಯಾರಿಗೆ ಕಂಡುಬಂತು, ಯಾರ ಹಿಡಿತ, ಯಾಕೆ ತಪ್ಪಿತು, ಯಾವುದೂ ಅದರಲ್ಲಿಲ್ಲ. ಅದನ್ನ ಬರೆದವಳು ನಾನೇ. ಬೇಕಂತಲೇ ಹಾಗೆ ಬರೆದಿದ್ದೆ.

ಅದಕ್ಕೇ ರಿಪೋರ್ಟ್ ಬದಿಗಿಟ್ಟು ಇದನ್ನ ಬರೀತಿದ್ದೀನಿ.

ರಾಕೆಟ್ ಬಗ್ಗೆ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳ್ಬೇಕು. ಮಾಡೆಲ್ ರಾಕೆಟ್ ಅಂದ್ರೆ ದೀಪಾವಳಿ ರಾಕೆಟ್ ಅಲ್ಲ. ದೀಪಾವಳಿ ರಾಕೆಟ್ ಹೋದ್ರೆ ಹೋಯ್ತು, ವಾಪಸ್ ಬಂತಾ ಅಂತ ಯಾರೂ ಕೇಳಲ್ಲ. ಮಾಡೆಲ್ ರಾಕೆಟ್ ಮೇಲೆ ಹೋಗಿ, ಪ್ಯಾರಾಚೂಟ್ ಬಿಚ್ಚಿ, ಮೆತ್ತಗೆ ಕೆಳಗಿಳಿದು, ಇನ್ನೊಂದು ಮೋಟಾರ್ ಹಾಕಿದ್ರೆ ಮತ್ತೆ ಹಾರಬೇಕು. 1950ರ ದಶಕದಲ್ಲಿ ಅಮೆರಿಕದಲ್ಲಿ ಇದು ಶುರುವಾಯ್ತು. ಆರ್ವಿಲ್ ಕಾರ್ಲೈಲ್ ಅಂತ ಒಬ್ಬರು, ಶೂ ಅಂಗಡಿ ನಡೆಸ್ತಿದ್ದವರು, ಮೊದಲು ಇಂಥದ್ದೊಂದನ್ನ ಮಾಡಿದ್ರು. ಜಿ. ಹ್ಯಾರಿ ಸ್ಟೈನ್ ಅನ್ನೋ ಎಂಜಿನಿಯರ್ ಅದಕ್ಕೆ ಸುರಕ್ಷತೆಯ ನಿಯಮಗಳನ್ನ ಬರೆದ್ರು. ಮುಖ್ಯವಾದ ನಿಯಮ ಒಂದೇ: ಮೋಟಾರನ್ನ ಮನೇಲಿ ಮಾಡಬಾರದು, ಕಾರ್ಖಾನೇಲಿ ತಯಾರಾಗಿದ್ದನ್ನೇ ಬಳಸಬೇಕು. ನಮ್ಮ ಟೀಮೂ ಅಷ್ಟೇ. ಮೋಟಾರು ಮೇಷ್ಟ್ರ ಬೀರುವಿನಲ್ಲಿ ಬೀಗ ಹಾಕಿರುತ್ತೆ, ಹಾರಿಸೋ ದಿನ ಅವರೇ ಎಣಿಸಿ ಕೊಡ್ತಾರೆ. ಇದನ್ನ ಓದಿ ಯಾರೂ ಅಡುಗೆಮನೆಗೆ ಹೋಗ್ಬೇಡಿ.

ನಮ್ಮ ಮೋಟಾರಿನ ಮೈಮೇಲೆ ಡಿ12-5 ಅಂತ ಬರೆದಿರುತ್ತೆ. ಅಕ್ಷರ ಒಟ್ಟು ಶಕ್ತಿ ಹೇಳುತ್ತೆ. ಎ ಅಂದ್ರೆ ಹೆಚ್ಚೆಂದರೆ 2.5 ನ್ಯೂಟನ್-ಸೆಕೆಂಡ್, ಬಿ ಅದರ ಎರಡರಷ್ಟು, ಸಿ ಅದರ ಎರಡರಷ್ಟು, ಡಿ 20ರವರೆಗೆ. ಮುಂದಿನ 12 ಅನ್ನೋದು ಸರಾಸರಿ ತಳ್ಳೋ ಬಲ, 12 ನ್ಯೂಟನ್. ಅಂದ್ರೆ ಒಂದೂಕಾಲು ಕೆಜಿ ಸಕ್ಕರೆ ಪೊಟ್ಟಣ ಎತ್ತೋವಷ್ಟು. ಕೊನೇ 5 ಅಂದ್ರೆ ಇಂಧನ ಉರಿದು ಮುಗಿದ ಮೇಲೆ ಐದು ಸೆಕೆಂಡ್ ಸುಮ್ನಿದ್ದು, ಆಮೇಲೆ ಮೋಟಾರಿನ ಮುಂದಿನ ತುದೀಲಿರೋ ಚೂರು ಮದ್ದು ಢಬ್ ಅನ್ನುತ್ತೆ. ಆ ಗಾಳಿ ರಾಕೆಟ್ಟಿನ ಹೊಟ್ಟೆಯೊಳಗೆ ತುಂಬಿ, ಮೂತೀನ ತಳ್ಳಿ, ಪ್ಯಾರಾಚೂಟನ್ನ ಆಚೆಗೆ ಹಾಕುತ್ತೆ.

ಇಲ್ಲಿ ಮೌಂಟಿನ ಕೆಲಸ ಬರುತ್ತೆ. ಮೋಟಾರು 24 ಮಿಲಿಮೀಟರ್ ದಪ್ಪ, 70 ಮಿಲಿಮೀಟರ್ ಉದ್ದ. ನಮ್ಮ ರಾಕೆಟ್ಟಿನ ಕೊಳವೆ ಒಳಗಡೆ 46 ಮಿಲಿಮೀಟರ್. ಸಣ್ಣದನ್ನ ದೊಡ್ಡದರ ನಟ್ಟನಡುವೆ ಹಿಡಿದು ನಿಲ್ಲಿಸೋದೇ ಮೌಂಟು. ಮೋಟಾರು ಮೇಲಕ್ಕೆ ತಳ್ಳೋವಾಗ ಅದು ರಾಕೆಟ್ ಸೀಳಿಕೊಂಡು ಮುಂದೆ ಹೋಗಬಾರದು. ಇದು ಎಲ್ಲರಿಗೂ ಹೊಳೆಯುತ್ತೆ. ಹೊಳೆಯದೇ ಇರೋದು ಎರಡನೇದು. ಆ ಢಬ್ ಆದಾಗ ಗಾಳಿ ಮುಂದಕ್ಕೆ ಎಷ್ಟು ತಳ್ಳುತ್ತೋ ಹಿಂದಕ್ಕೂ ಅಷ್ಟೇ ತಳ್ಳುತ್ತೆ. ಎರಡು ಬಾಗಿಲಿರೋ ಮನೆ ಅಂದ್ಕೊಳ್ಳಿ. ಜೋರು ಗಾಳಿ ಬೀಸಿದ್ರೆ ಯಾವ ಬಾಗಿಲಿನ ಚಿಲಕ ಸಡಿಲವೋ ಅದೇ ತೆಗೆದುಕೊಳ್ಳುತ್ತೆ. ಮುಂದಿನ ಬಾಗಿಲು ಮೂತಿ, ಹಿಂದಿನ ಬಾಗಿಲು ಮೋಟಾರು. ಹಿಂದಿನದು ಸಡಿಲವಾಗಿದ್ರೆ ಮೋಟಾರು ಹಿಂದಕ್ಕೆ ಹಾರಿಹೋಗುತ್ತೆ, ಗಾಳಿಯೆಲ್ಲಾ ಅಲ್ಲೇ ಸೋರುತ್ತೆ, ಪ್ಯಾರಾಚೂಟು ಒಳಗೇ ಮಡಿಸಿಕೊಂಡು ಕೂತಿರುತ್ತೆ.

ಹೋದ ವರ್ಷ ನಮ್ಮ ರಾಕೆಟ್ಟಿಗೆ ಆಗಿದ್ದು ಇದೇ.

ಆ ರಾಕೆಟ್ಟಿನಲ್ಲಿ ಮೌಂಟನ್ನ ಎಪಾಕ್ಸಿ ಹಾಕಿ ಖಾಯಂ ಆಗಿ ಅಂಟಿಸಿದ್ವಿ. ಮೋಟಾರು ಜಾರದಿರೋಕೆ ಅದರ ಸುತ್ತ ಮಾಸ್ಕಿಂಗ್ ಟೇಪ್ ಸುತ್ತಿ, ಬಿಗಿಯಾಗಿ ಒತ್ತಿ ಕೂರಿಸೋ ಪದ್ಧತಿ. ಸರಿಯಾಗಿ ಮಾಡಿದ್ರೆ ಅದೂ ಸಾಕಾಗುತ್ತೆ, ತುಂಬಾ ಜನ ಹಾಗೇ ಮಾಡ್ತಾರೆ. ನಾನು ಫಸ್ಟ್ ಇಯರ್, ನನಗೆ ಕೊಟ್ಟಿದ್ದ ಕೆಲಸ ಅದೊಂದೇ. ಮೂರು ಸುತ್ತು ಟೇಪ್, ಒತ್ತಿ ಕೂರಿಸು, ಎಳೆದು ನೋಡು, ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕು.

ಊರಾಚೆಯ ಬಯಲಿನಲ್ಲಿ, ಬೆಳಿಗ್ಗೆ ಎಂಟೂವರೆಗೆ, ಮೂರು ಸುತ್ತು ಹಾಕಿದ್ರೆ ಮೋಟಾರು ಒಳಗೆ ಹೋಗ್ಲಿಲ್ಲ. ಅರ್ಧಕ್ಕೇ ಸಿಕ್ಕಿಕೊಳ್ತು. ಹಿಂದೆ ಎಲ್ಲರೂ ಕಾಯ್ತಿದ್ರು. "ಆಯ್ತಾ? ಆಯ್ತಾ?" ಅಂತಿದ್ರು. ನಾನು ಒಂದು ಸುತ್ತು ಕಿತ್ತುಹಾಕಿದೆ. ಸಲೀಸಾಗಿ ಹೋಯ್ತು. ಸ್ವಲ್ಪ ಜಾಸ್ತಿನೇ ಸಲೀಸಾಗಿ. ಎಳೆದು ನೋಡ್ಲಿಲ್ಲ. ಟಿಕ್ ಹಾಕಿದೆ.

ರಾಕೆಟ್ ಚೆನ್ನಾಗೇ ಏರಿತು. ನೂರು ಮೀಟರ್ ಆಸುಪಾಸು ಹೋಗಿರಬೇಕು. ಮೇಲೆ ಒಂದು ಬಿಳಿ ಹೊಗೆಯ ಚುಕ್ಕೆ, ಅದರಿಂದ ಏನೋ ಸಣ್ಣದು ಬೇರೆಯಾಗಿ ಉದುರಿದ್ದು ಕಾಣಿಸ್ತು. ಎಲ್ಲರೂ ಚಪ್ಪಾಳೆ ತಟ್ಟಿದ್ರು, ಪ್ಯಾರಾಚೂಟ್ ಅಂತ. ನನಗೆ ಮಾತ್ರ ಹೊಟ್ಟೇಲಿ ತಣ್ಣಗಾಯ್ತು. ರಾಕೆಟ್ ಮೂತಿ ಕೆಳಗೆ ಮಾಡ್ಕೊಂಡು ಬಾಣದ ಥರ ಬಂತು. ಅಷ್ಟೆತ್ತರದಿಂದ ಬೀಳೋ ವಸ್ತು ನೆಲ ಮುಟ್ಟೋ ಹೊತ್ತಿಗೆ ಗಂಟೆಗೆ ನೂರು ಕಿಲೋಮೀಟರಿಗಿಂತ ಜಾಸ್ತಿ ವೇಗದಲ್ಲಿರುತ್ತೆ. ಅದು ಬಿದ್ದಿದ್ದು ವಿಡಿಯೋ ಮಾಡ್ತಾ ನಿಂತಿದ್ದ ನನ್ನ ಕ್ಲಾಸ್‌ಮೇಟಿನಿಂದ ಹತ್ತು ಹೆಜ್ಜೆ ದೂರದಲ್ಲಿ. ಅವಳು ಹಗ್ಗ ಕಟ್ಟಿದ್ದ ಗೆರೆಯ ಆಚೆಗೇ, ನಿಲ್ಲಬೇಕಾದ ಜಾಗದಲ್ಲೇ ನಿಂತಿದ್ಲು. ಫೋನು ಕೆಳಗೆ ಹಾಕಿ, ಎರಡೂ ಕೈಯಲ್ಲಿ ತಲೆ ಮುಚ್ಕೊಂಡು ಕೂತುಬಿಟ್ಟಿದ್ಲು.

ಎಲ್ಲರೂ ಅವಳ ಕಡೆ ಓಡಿದ್ರು. ನಾನು ಮೋಟಾರು ಬಿದ್ದ ಕಡೆ ಓಡಿದೆ.

ಅದು ಹುಲ್ಲಿನಲ್ಲಿ ಸಿಕ್ತು. ಬಿಸಿ ಇತ್ತು. ಎರಡು ಸುತ್ತು ಟೇಪ್ ಹಾಗೇ ಇತ್ತು, ಒಂದು ಚೂರೂ ಹರಿದಿರ್ಲಿಲ್ಲ. ಯಾರೂ ನೋಡ್ತಿರ್ಲಿಲ್ಲ. ಟೇಪ್ ಸುಲಿದು ಜೇಬಿಗೆ ಹಾಕ್ಕೊಂಡೆ. ಖಾಲಿ ಮೋಟಾರು ತಂದುಕೊಟ್ಟು "ಇದರಲ್ಲೇ ಏನೋ ಪ್ರಾಬ್ಲಮ್ ಇದ್ದಿರಬೇಕು" ಅಂದೆ. ಮೌಂಟು ಅಂಟಿಸಿದ್ದ ಭಾಗ ನೆಲಕ್ಕೆ ಬಡಿದು ಜಜ್ಜಿಹೋಗಿತ್ತು. ಒಳಗೆ ಏನಾಗಿದೆ ಅಂತ ನೋಡೋಕೆ ದಾರಿಯೇ ಇರ್ಲಿಲ್ಲ. ಅಂಟು ಹಾಕಿ ಮುಚ್ಚಿದ್ದ ವಸ್ತು, ಮುಚ್ಚಿಕೊಂಡೇ ಹಾಳಾಯ್ತು. ನನಗೆ ಅದು ಅನುಕೂಲವೇ ಆಯ್ತು. ರಿಪೋರ್ಟಿನಲ್ಲಿ ಆ ವಾಕ್ಯ ಬರೆದೆ. ಎಲ್ಲರೂ ಒಪ್ಪಿದ್ರು.

ಈ ವರ್ಷ ಹೊಸ ರಾಕೆಟ್ ಮಾಡೋವಾಗ ಟೀಮ್ ಲೀಡ್ ಅಕ್ಕ ಹೇಳಿದ್ಲು: "ಮೌಂಟು ಈ ಸಲ ಪೂರ್ತಿ ಆಚೆ ಬರಬೇಕು. ಸ್ಕ್ರೂ ಬಿಚ್ಚಿದ್ರೆ ಕೈಗೆ ಬರಬೇಕು. ಏನೇ ಆದ್ರೂ ತೆಗೆದು ನೋಡೋ ಥರ ಇರ್ಲಿ. ನೀನು ಹೋದ ವರ್ಷ ಮೋಟಾರ್ ಕಡೆ ಇದ್ದೆ ಅಲ್ವಾ, ನೀನೇ ಮಾಡು."

ಅವಳಿಗೆ ಏನೂ ಗೊತ್ತಿರ್ಲಿಲ್ಲ. ನಾನು ಹೂಂ ಅಂದೆ.

ನಮ್ಮ ಮನೆ ದೀಪಾಂಜಲಿ ನಗರದಲ್ಲಿ, ಮೈಸೂರು ರಸ್ತೆಯಿಂದ ಸ್ವಲ್ಪ ಒಳಗೆ. ಅತ್ತಿಗುಪ್ಪೆ ದಾಟಿದ ಮೇಲೆ ಬರೋ ಮೆಟ್ರೋ ಸ್ಟೇಷನ್ನು ನಮ್ಮದು. ತಾತನಿಗೆ ಈಗ 78. ಅವರು ಕವಿಕಾದಲ್ಲಿ ಕೆಲಸ ಮಾಡಿ ರಿಟೈರ್ ಆದವರು. ಮೈಸೂರು ರಸ್ತೆಯ ಆ ಟ್ರಾನ್ಸ್‌ಫಾರ್ಮರ್ ಕಾರ್ಖಾನೆ 1933ರಲ್ಲಿ ಮಹಾರಾಜರ ಕಾಲದಲ್ಲಿ ಸರ್ಕಾರಿ ಎಲೆಕ್ಟ್ರಿಕ್ ಫ್ಯಾಕ್ಟರಿ ಅಂತ ಶುರುವಾಗಿದ್ದು, ಆಮೇಲೆ ಕರ್ನಾಟಕ ವಿದ್ಯುತ್ ಕಾರ್ಖಾನೆ ಅಂತಾಯ್ತು. ತಾತ ವೈಂಡಿಂಗ್ ಸೆಕ್ಷನ್. ನಡೆದುಕೊಂಡೇ ಹೋಗಿ ಬರ್ತಿದ್ರಂತೆ. ಇಷ್ಟು ವರ್ಷ ನನಗೆ ಅದು ಬರೀ "ತಾತ ಫ್ಯಾಕ್ಟರೀಲಿದ್ರು" ಅಷ್ಟೇ ಆಗಿತ್ತು.

ನಾನು ಜಗಲಿ ಮೇಲೆ ಕೂತು, ಅಂಗಡಿಯಿಂದ ತಂದ ಒಂದು ರಟ್ಟಿನ ಕೊಳವೆ ಕೊಯ್ದು ಮೋಟಾರ್ ಟ್ಯೂಬ್ ಮಾಡೋಕೆ ಒದ್ದಾಡ್ತಿದ್ದೆ. ಅಳತೆ ಸರಿಹೋಗ್ತಾ ಇರ್ಲಿಲ್ಲ. ತಾತ ಪೇಪರ್ ಮಡಿಸಿಟ್ಟು ಕೇಳಿದ್ರು, "ಏನಮ್ಮಾ ಅದು?"

"24 ಮಿಲಿಮೀಟರ್ ಕೊಳವೆ ಬೇಕು ತಾತ. ಎಲ್ಲೂ ಸಿಗ್ತಾ ಇಲ್ಲ."

"ಸಿಗದೇ ಇದ್ರೆ ಸುತ್ತು."

ಟ್ರಾನ್ಸ್‌ಫಾರ್ಮರ್ ಒಳಗೆ ಕಾಗದ ಇರುತ್ತೆ ಅಂತ ನನಗೆ ಆವತ್ತು ಗೊತ್ತಾಯ್ತು. ಥಿಯರಿ ಕ್ಲಾಸಿನಲ್ಲಿ ಸಮೀಕರಣ ಬರೆದಿದ್ದೆ, ಕಾಗದ ಮಾತ್ರ ತಲೇಲಿ ಬಂದಿರ್ಲಿಲ್ಲ. ತಾಮ್ರದ ತಂತಿಗೆ ಕಂದು ಕ್ರಾಫ್ಟ್ ಕಾಗದ ಸುತ್ತಿರ್ತಾರೆ, ಕಾಯಿಲ್ಲು ಪ್ರೆಸ್‌ಬೋರ್ಡಿನ ಕೊಳವೆ ಮೇಲೆ ಕೂತಿರುತ್ತೆ, ಎಲ್ಲಾ ಎಣ್ಣೆಯಲ್ಲಿ ಮುಳುಗಿರುತ್ತೆ. ತಾತನ ಕೈಗಳು ಮೂವತ್ತು ವರ್ಷ ಮಾಡಿದ್ದು ಇದನ್ನೇ. ಕಾಗದದ ಕೊಳವೆ ಅವರಿಗೆ ಹಪ್ಪಳ ಕರಿದಷ್ಟು ಸುಲಭ.

ಕಾಲೇಜಿನ ವರ್ಕ್‌ಶಾಪಿನಲ್ಲಿ ಲೇತ್ ಮೇಲೆ 24 ಮಿಲಿಮೀಟರಿನ ಅಲ್ಯೂಮಿನಿಯಂ ಸರಳು ತಿರುಗಿಸಿಕೊಂಡು ಬಂದೆ. ತಾತ ಅದರ ಮೇಲೆ ಮೊದಲು ಒಂದು ಸುತ್ತು ತೆಳು ಪ್ಲಾಸ್ಟಿಕ್ ಹಾಕಿಸಿದ್ರು. ಕೊಳವೆ ಸರಳಿಗೆ ಅಂಟಬಾರದು, ಜೊತೆಗೆ ಮೋಟಾರಿಗೆ ಕೂದಲೆಳೆಯಷ್ಟು ಜಾಗ ಸಿಗ್ಬೇಕು ಅಂತ. ಆಮೇಲೆ ಕ್ರಾಫ್ಟ್ ಕಾಗದ. ಮೊದಲ ಸುತ್ತಿಗೆ ಅಂಟು ಇಲ್ಲ. ಎರಡನೇದರಿಂದ ನೀರು ಬೆರೆಸಿದ ಫೆವಿಕಾಲ್, ಬ್ರಷ್ಷಿನಲ್ಲಿ ತೆಳ್ಳಗೆ. ಒಂದೊಂದು ಸುತ್ತಿಗೂ ಬೆರಳಿಂದ ನಡುವಿನಿಂದ ತುದಿಗೆ ಸವರಬೇಕು, ಒಳಗಿನ ಗಾಳಿ ಆಚೆ ಹೋಗೋಕೆ. "ಗಾಳಿ ಉಳೀತು ಅಂದ್ರೆ ಅಲ್ಲೇ ಕೈ ಕೊಡತ್ತೆ" ಅಂದ್ರು. ಸುತ್ತಿದ ಮೇಲೆ ಒಂದು ಇಡೀ ದಿನ ಮುಟ್ಟಬಾರದು. ನಾನು ರಾತ್ರಿಯೇ ಎಳೆದು ನೋಡಿ ಮೊದಲನೇದನ್ನ ಸುಕ್ಕು ಮಾಡಿದೆ. ಎರಡನೇದು ಸರಿಯಾಗಿ ಬಂತು. ಬೆರಳಲ್ಲಿ ಹೊಡೆದ್ರೆ ಮರದ ಥರ ಟಕ್ ಅಂತ ಸದ್ದು.

ಮಿಕ್ಕ ಭಾಗಗಳಿಗೂ ತಾತನ ಹತ್ರ ಹೆಸರಿತ್ತು. ನಾನು ಸೆಂಟರಿಂಗ್ ರಿಂಗ್ ಅನ್ನೋದಕ್ಕೆ ಅವರು ಬಳೆ ಅಂತಿದ್ರು. ಕೊಳವೆಯೊಳಗೆ ಮೋಟಾರು ಮುಂದೆ ನುಗ್ಗದ ಹಾಗೆ ತಡೆಯೋ ಥ್ರಸ್ಟ್ ರಿಂಗಿಗೆ ಅಣಸು ಅಂದ್ರು. ಅಣಸು ಅಂದ್ರೇನು ಅಂದೆ. ಅಜ್ಜಿ ಒಳಗಿಂದಲೇ "ಒನಕೆ ತುದೀಗೆ ಹಾಕಿರ್ತಾರಲ್ಲ ಕಬ್ಬಿಣದ ಬಳೆ, ಅದು ಕಣೇ" ಅಂದ್ರು. ಒನಕೆಯೇ ನೋಡಿಲ್ಲ, ಅಣಸು ಎಲ್ಲಿಂದ ನೋಡ್ಲಿ! ಈಗ ನಮ್ಮ ಲ್ಯಾಬಿನಲ್ಲಿ ಎಲ್ಲರೂ ಅದನ್ನ ಅಣಸು ಅಂತಲೇ ಅಂತಾರೆ. ಹೈದರಾಬಾದಿನ ಹುಡುಗ ಒಬ್ಬ ಇದ್ದಾನೆ, ಅವನೂ.

ಡಿಸೈನು ಮಾತ್ರ ಎರಡು ಸಲ ತಪ್ಪಿದೆ. ಮೊದಲನೇ ಡ್ರಾಯಿಂಗಿನಲ್ಲಿ ರಾಕೆಟ್ಟಿನ ಹಿಂಭಾಗ ಪೂರ್ತಿ, 46 ಮಿಲಿಮೀಟರಿನ ತಟ್ಟೆ ಸಮೇತ, ಆಚೆ ಬರೋ ಹಾಗೆ ಹಾಕಿದ್ದೆ. ನೋಡೋಕೆ ಚೆಂದ. ಲೀಡ್ ಅಕ್ಕ ಒಂದೇ ಪ್ರಶ್ನೆ ಕೇಳಿದ್ಲು: "ಢಬ್ ಆದಾಗ ಗಾಳಿಗೆ ಎಷ್ಟು ಜಾಗ ಕಾಣುತ್ತೆ?" ಲೆಕ್ಕ ಹಾಕಿದೆ. ಒತ್ತಡ ಎಷ್ಟೇ ಇರ್ಲಿ, ಬಲ ಅನ್ನೋದು ಒತ್ತಡ ಗುಣಿಸು ವಿಸ್ತೀರ್ಣ. ಹೋದ ವರ್ಷ ಟೇಪು ತಡೀಬೇಕಾಗಿದ್ದು ಬರೀ 24 ಮಿಲಿಮೀಟರ್ ಮೋಟಾರಿನ ಮೇಲೆ ಬೀಳೋ ಬಲ. ಈಗ ನನ್ನ ಸ್ಕ್ರೂಗಳು ತಡೀಬೇಕಾದ್ದು 46 ಮಿಲಿಮೀಟರ್ ತಟ್ಟೆ ಮೇಲೆ ಬೀಳೋ ಬಲ. 46ನ್ನ 24ರಿಂದ ಭಾಗಿಸಿ ವರ್ಗ ಮಾಡಿದ್ರೆ 3.7 ಹತ್ತಿರ. ಅಂದ್ರೆ ಬಿಚ್ಚೋಕೆ ಬರೋ ಹಾಗೆ ಮಾಡೋಕೆ ಹೋಗಿ, ಬಿಚ್ಚಿಕೊಳ್ಳೋ ಅಪಾಯವನ್ನ ಸುಮಾರು ನಾಲ್ಕು ಪಟ್ಟು ಮಾಡ್ಕೊಂಡಿದ್ದೆ.

ಎರಡನೇ ಡ್ರಾಯಿಂಗ್ ಹೀಗಿದೆ. ಮೂರು ಮಿಲಿಮೀಟರ್ ಪ್ಲೈವುಡ್ಡಿನ ಎರಡು ಬಳೆಗಳನ್ನ ರಾಕೆಟ್ಟಿನ ಒಳಗೆ ಖಾಯಂ ಅಂಟಿಸೋದು, ಒಂದು ಮುಂದೆ, ಒಂದು ಬಾಲದ ಹತ್ತಿರ. ಎರಡಕ್ಕೂ ನಡುವೆ 28 ಮಿಲಿಮೀಟರಿನ ತೂತು. ಮೋಟಾರ್ ಟ್ಯೂಬು ಹಿಂದಿನಿಂದ ಆ ತೂತುಗಳೊಳಗೆ ಜಾರಿಕೊಂಡು ಹೋಗುತ್ತೆ. ಟ್ಯೂಬಿನ ಹಿಂತುದೀಲಿ ಮೂರನೇ ಬಳೆ ಇದೆ, ಅದು ಒಳಗಿನ ಬಳೆಗೆ ಬಂದು ಒರಗುತ್ತೆ. ಮೇಲೇರೋವಾಗ ಬಳೆ ಬಳೆಯನ್ನ ತಳ್ಳುತ್ತೆ, ಸ್ಕ್ರೂಗಳ ಮೇಲೆ ಏನೂ ಭಾರವಿಲ್ಲ. ಢಬ್ ಆದಾಗ ಗಾಳಿಯ ಬಹುಪಾಲು ಅಂಟಿಸಿದ ಬಳೆಗಳ ಮೇಲೆ ಬೀಳುತ್ತೆ, ಸ್ಕ್ರೂಗಳಿಗೆ ಉಳಿಯೋದು 28 ಮಿಲಿಮೀಟರ್ ತೂತಿನಷ್ಟೇ. 3.7 ಇದ್ದದ್ದು 1.4 ಆಯ್ತು. ಹಿಡಿಯೋಕೆ ಮೂರು ಎಂ3 ಬೋಲ್ಟು. ಅವೇ ಬೋಲ್ಟುಗಳ ಕೆಳಗೆ ಸಣ್ಣ ಅಲ್ಯೂಮಿನಿಯಂ ನಾಲಿಗೆಗಳು, ಮೋಟಾರಿನ ಅಂಚನ್ನ ಒತ್ತಿ ಹಿಡಿಯೋಕೆ. ಟೇಪು ಇಲ್ಲವೇ ಇಲ್ಲ.

ಬೋಲ್ಟು, ನಟ್ಟು ತರೋಕೆ ಎಸ್.ಪಿ. ರೋಡಿಗೆ ಹೋಗಿದ್ದೆ. ಅಲ್ಲೇ ಪೇಟೆ ಗಲ್ಲಿಗಳಲ್ಲಿ ತಾರಾಮಂಡಲಪೇಟೆ ಅಂತ ಒಂದು ಜಾಗ ಇದೆ. ಬೋರ್ಡ್ ನೋಡಿ ಎಷ್ಟು ಕಾವ್ಯಮಯ ಹೆಸರು ಅಂದ್ಕೊಂಡಿದ್ದೆ. ಟಿಪ್ಪು ಸುಲ್ತಾನನ ಕಾಲದಲ್ಲಿ ಅಲ್ಲಿ ರಾಕೆಟ್ ಮಾಡ್ತಿದ್ರು, ಅದರಿಂದಲೇ ಆ ಹೆಸರು ಬಂತು ಅಂತಾರೆ. ಹೈದರ್ ಮತ್ತು ಟಿಪ್ಪುವಿನ ಸೈನ್ಯ 1780ರಲ್ಲಿ ಪೊಲ್ಲಿಲೂರಿನಲ್ಲಿ ಇಂಗ್ಲಿಷರ ಮೇಲೆ ಬಿಟ್ಟ ರಾಕೆಟ್‌ಗಳ ಬಗ್ಗೆ ನಮ್ಮ ಏರೋಸ್ಪೇಸ್ ವಿಜ್ಞಾನಿ ರೊದ್ದಂ ನರಸಿಂಹ ಅವರು 1985ರಲ್ಲಿ ಒಂದು ಪ್ರಬಂಧ ಬರೆದಿದ್ದಾರೆ. ಮೈಸೂರಿನವರ ಹೆಚ್ಚುಗಾರಿಕೆ ಕಬ್ಬಿಣದ ಕೊಳವೆ. ಕಾಗದದ ಕೊಳವೆ ತಡೆಯದಷ್ಟು ಒತ್ತಡವನ್ನ ಅದು ತಡೀತಿತ್ತು, ಹಾಗಾಗಿ ಹೆಚ್ಚು ದೂರ ಹೋಗ್ತಿತ್ತು. ನನ್ನ ಕಣ್ಣು ನಿಂತಿದ್ದು ಬೇರೆ ಕಡೆ. ಆ ಕೊಳವೆಯನ್ನ ಬಿದಿರಿನ ಕೋಲಿಗೋ ಕತ್ತಿಯ ಅಲಗಿಗೋ ಚರ್ಮದ ಪಟ್ಟಿಯಿಂದ ಬಿಗಿದಿರ್ತಿದ್ರು. ಅಂದ್ರೆ ಮೋಟಾರು ಬೇರೆ, ಮೈ ಬೇರೆ, ನಡುವೆ ಒಂದು ಕಟ್ಟು. ಅದೂ ಒಂಥರಾ ಮೌಂಟೇ. 2018ರಲ್ಲಿ ಶಿವಮೊಗ್ಗ ಜಿಲ್ಲೆಯ ನಗರದಲ್ಲಿ ಒಂದು ಹಳೇ ಬಾವಿಯಿಂದ ಇಂಥ ಸಾವಿರಕ್ಕೂ ಹೆಚ್ಚು ಕಬ್ಬಿಣದ ಕೊಳವೆಗಳು ಸಿಕ್ಕವು. ಕೊಳವೆಗಳು ಉಳಿದಿದ್ದವು. ಚರ್ಮದ ಕಟ್ಟನ್ನ ಬಿಗಿದ ಕೈ ಯಾರದು ಅಂತ ಮಾತ್ರ ಯಾವ ಬಾವಿಯೂ ಹೇಳಲ್ಲ. ಆ ಕೈಯವರು ಎಂದಾದ್ರೂ ಅವಸರದಲ್ಲಿ ಒಂದು ಸುತ್ತು ಕಡಿಮೆ ಹಾಕಿದ್ರಾ ಅಂತ ಯೋಚಿಸ್ತಾ ಮೆಟ್ರೋ ಹತ್ತಿದೆ.

ನಟ್ಟುಗಳನ್ನ ಒಳಗಿನ ಬಳೆಯ ಹಿಂದೆ ಎಪಾಕ್ಸಿಯಿಂದ ಕೂರಿಸಬೇಕಿತ್ತು. ಸರಿಯಾದ ಜಾಗದಲ್ಲಿ ಕೂರಲಿ ಅಂತ ಬೋಲ್ಟು ಹಾಕಿಯೇ ಅಂಟಿಸಿದೆ. ಮಾರನೇ ದಿನ ನೋಡಿದ್ರೆ ಎಪಾಕ್ಸಿ ಮರೆಯೊಳಗೆ ಇಳಿದು, ಒಂದು ಬೋಲ್ಟು ಅಲುಗಾಡ್ತಾನೇ ಇಲ್ಲ. ಬಿಚ್ಚೋಕೆ ಬರೋ ಮೌಂಟು ಖಾಯಂ ಮೌಂಟಾಗಿತ್ತು! ತಾತ ನಕ್ಕು ನಕ್ಕು ಕೆಮ್ಮಿದ್ರು. "ಬೋಲ್ಟಿಗೆ ಮೊದಲು ಮೇಣ ಹಚ್ಚಬೇಕಮ್ಮಾ" ಅಂದ್ರು. ಮೊದಲೇ ಯಾಕೆ ಹೇಳ್ಲಿಲ್ಲ ಅಂದ್ರೆ, "ನೀನು ಕೇಳಿದ್ಯಾ?" ದೇವರ ಮನೆಯ ಮೇಣದಬತ್ತಿ ತಗೊಂಡು, ಹೊಸ ಬಳೆ ಕೊಯ್ದು ಮತ್ತೆ ಮಾಡಿದೆ.

ಆ ಬಳೆ ಒಣಗೋಕೆ ಬಿಟ್ಟಿದ್ದಾಗಲೇ ತಾತ ಕೇಳಿದ್ದು.

"ಹೋದ ವರ್ಷದ್ದು ಏನಾಗಿತ್ತು?"

"ಮೋಟಾರು ಬಿಚ್ಕೊಂಡುಬಿಡ್ತು ತಾತ."

ಅಷ್ಟರಲ್ಲಿ ಮೆಟ್ರೋ ಹೋಯ್ತು. ಮೆಟ್ರೋ ಹೋಗೋವಾಗ ತಾತ ಮಾತು ನಿಲ್ಲಿಸ್ತಾರೆ, ಕಿವಿ ಸ್ವಲ್ಪ ಮಂದ. ಅದು ದಾಟಿದ ಮೇಲೆ ಕೇಳಿದ್ರು, "ಅದಾಗೇ ಬಿಚ್ಕೊಳ್ತಾ?"

ನಮ್ಮ ಮನೇಲಿ ಈ ಪ್ರಶ್ನೆ ಹಳೇದು. ಚಿಕ್ಕವಳಿದ್ದಾಗ ಲೋಟ ಒಡೆದು "ಒಡೆದೋಯ್ತು" ಅಂದ್ರೆ ತಾತ ಬಯ್ಯುತ್ತಿರ್ಲಿಲ್ಲ. "ಒಡೆದೋಯ್ತಾ, ಒಡೆದ್ಯಾ?" ಅಂತ ಅಷ್ಟೇ ಕೇಳ್ತಿದ್ರು. "ಒಡೆದೆ" ಅಂದ್ರೆ ಸರಿ, ಪೊರಕೆ ತಗೊಂಡು ಬಾ ಅಂತಿದ್ರು. ಕನ್ನಡದಲ್ಲೂ ತಪ್ಪಿಸಿಕೊಳ್ಳೋಕೆ ಬಾಗಿಲಿದೆ ನೋಡಿ. ಬಿತ್ತು, ಹೋಯ್ತು, ಬಿಚ್ಕೊಳ್ತು. ಇಂಗ್ಲಿಷಿನಲ್ಲಿ ನಾನು ಹಿಡಿದಿದ್ದೂ ಅದೇ ಬಾಗಿಲನ್ನೇ. ಒಂದೇ ವ್ಯತ್ಯಾಸ, ಇಂಗ್ಲಿಷಿನಲ್ಲಿ ನನ್ನನ್ನ ತಿರುಗಿ ಕೇಳೋರು ಯಾರೂ ಇರ್ಲಿಲ್ಲ.

ನಾನು ತಾತನಿಗೆ ಟೇಪಿನ ವಿಷಯ ಹೇಳಿದೆ. ಜೇಬಿಗೆ ಹಾಕ್ಕೊಂಡಿದ್ದನ್ನೂ ಹೇಳಿದೆ. ಅವರು ಏನೂ ಬುದ್ಧಿ ಹೇಳ್ಲಿಲ್ಲ. ಸ್ವಲ್ಪ ಹೊತ್ತು ಬಿಟ್ಟು ಟ್ರಾನ್ಸ್‌ಫಾರ್ಮರ್ ಕಥೆ ಶುರು ಮಾಡಿದ್ರು. ಎಲ್ಲೋ ಶಾರ್ಟ್ ಸರ್ಕ್ಯೂಟ್ ಆದ್ರೆ ಕಾಯಿಲ್ಲುಗಳು ಒಂದನ್ನೊಂದು ಎಂಥಾ ಜೋರಾಗಿ ತಳ್ಳುತ್ವೆ ಅಂದ್ರೆ, ಮೇಲೆ ಕೆಳಗೆ ಬಳೆ ಹಾಕಿ ಬಿಗಿದಿರದಿದ್ರೆ ಎಲ್ಲಾ ಕಿತ್ತುಕೊಂಡು ಬರುತ್ತಂತೆ. ಸುಟ್ಟು ವಾಪಸ್ ಬಂದ ಟ್ರಾನ್ಸ್‌ಫಾರ್ಮರಿನ ಮುಚ್ಚಳ ಬಿಚ್ಚಿ, ಎಣ್ಣೆ ತೆಗೆದು, ಕಾಯಿಲ್ ಎತ್ತಿ ನೋಡೋವಾಗ ವೈಂಡಿಂಗಿನವರೆಲ್ಲಾ ಸುತ್ತ ನಿಲ್ಲುತ್ತಿದ್ರಂತೆ. "ಒಳಗೆ ನೋಡಿದ್ರೆ ಯಾರ ಕೈ ಅಂತ ಗೊತ್ತಾಗ್ತಿತ್ತು. ಸುತ್ತಿರೋ ರೀತೀಲೇ ಗೊತ್ತಾಗ್ತಿತ್ತು." ನಿಮ್ಮದು ಯಾವತ್ತಾದ್ರೂ ಬಂದಿತ್ತಾ ತಾತ ಅಂದೆ. "ಬಂದಿತ್ತು, ಒಂದ್ಸಲ" ಅಂದ್ರು. "ಆವತ್ತು ಊಟ ಸೇರ್ಲಿಲ್ಲ. ಮಾರನೇ ದಿನದಿಂದ ಕೈ ಸರಿಯಾಯ್ತು."

ಮಾರನೇ ವಾರ ಮೆಟ್ಟಿಲ ಕಂಬಿಗೆ ರಾಕೆಟ್ಟಿನ ಹಿಂಭಾಗವನ್ನ ಕಟ್ಟಿ, ಖಾಲಿ ಮೋಟಾರಿನ ಮೂಲಕ ಹಗ್ಗ ಪೋಣಿಸಿ, ಕೆಳಗೆ ನೀರಿನ ಕ್ಯಾನು ನೇತುಹಾಕಿದ್ವಿ. ಢಬ್ ಆದಾಗ ಎಳೆಯೋ ದಿಕ್ಕಿಗೇ ಎಳೀಬೇಕಲ್ಲ. ಎರಡು ಲೀಟರಿಗೆ ಏನೂ ಆಗ್ಲಿಲ್ಲ. ಮೂರೂವರೆಗೆ ಒಂದು ಅಲ್ಯೂಮಿನಿಯಂ ನಾಲಿಗೆ ಬಾಗಿತು. ಮೂರು ಬೋಲ್ಟು ಬಿಚ್ಚಿದೆ, ಮೌಂಟು ಕೈಗೆ ಬಂತು, ಬಾಗಿದ್ದು ಯಾವುದು ಅಂತ ಕಣ್ಣಿಗೆ ಕಂಡಿತು. ದಪ್ಪ ತಗಡಿನದು ಮಾಡಿ ಹಾಕಿದೆ. ಆಮೇಲೆ ಐದು ಲೀಟರ್, ಅಂದ್ರೆ 49 ನ್ಯೂಟನ್, ಹತ್ತು ನಿಮಿಷ ನಿಂತಿತ್ತು. ಎದುರು ಮನೆ ಆಂಟಿ "ಏನ್ರೀ, ನೀರು ಬಂದಿಲ್ವಾ?" ಅಂತ ಕೇಳಿ ಹೋದ್ರು.

ಬಿಚ್ಚೋದು ಇಷ್ಟು ಸಲೀಸು ಅಂತ ಕೈಗೆ ಗೊತ್ತಾದ ಮೇಲೆ ನನಗೆ ಇನ್ನೊಂದು ಅರ್ಥವಾಯ್ತು. ಇನ್ಮುಂದೆ ಈ ರಾಕೆಟ್ಟಿಗೆ ಏನೇ ಆದ್ರೂ ಎರಡು ನಿಮಿಷದಲ್ಲಿ ಯಾರು ಬೇಕಾದ್ರೂ ಒಳಗೆ ನೋಡಬಹುದು. ನಾನು ಮಾಡಿದ ತಪ್ಪು ನನ್ನದು ಅಂತ ಅಲ್ಲೇ ಕಾಣುತ್ತೆ. ಇಂಥದ್ದನ್ನ ನಾನೇ ಕೂತು ಮಾಡಿ, ಹೋದ ವರ್ಷದ್ದನ್ನ ಮಾತ್ರ ಅಂಟು ಹಾಕಿ ಮುಚ್ಚಿಟ್ಕೊಂಡಿದ್ರೆ, ನನ್ನ ಮುಖ ನನಗೇ ತೋರಿಸೋಕೆ ಆಗ್ತಿರ್ಲಿಲ್ಲ.

ರಿವ್ಯೂ ದಿನ ಮೌಂಟನ್ನ ಮೇಜಿನ ಮೇಲಿಟ್ಟು, ಬಿಚ್ಚಿ, ಒಂದೊಂದು ಭಾಗ ತೋರಿಸಿದೆ. ಎಲ್ಲರೂ ಸೂಪರ್ ಅಂದ್ರು. ಆಮೇಲೆ ಹೇಳಿದೆ. ಕನ್ನಡದಲ್ಲೇ ಹೇಳಿದೆ, ಯಾಕೋ ಇಂಗ್ಲಿಷ್ ಬಾಯಿಗೆ ಬರ್ಲಿಲ್ಲ. "ಹೋದ ವರ್ಷ ಮೋಟಾರಿನಲ್ಲಿ ಪ್ರಾಬ್ಲಮ್ ಇರ್ಲಿಲ್ಲ. ಟೇಪು ನಾನು ಒಂದು ಸುತ್ತು ಕಡಿಮೆ ಹಾಕಿದೆ. ಎಳೆದು ನೋಡದೇ ಟಿಕ್ ಹಾಕಿದೆ. ಆಮೇಲೆ ಟೇಪನ್ನ ನಾನೇ ಕಿತ್ತು ಬಚ್ಚಿಟ್ಟೆ."

ಲ್ಯಾಬು ಪೂರ್ತಿ ಸುಮ್ಮನಾಯ್ತು. ಫ್ಯಾನಿನ ಸದ್ದು ಮಾತ್ರ. ವಿಡಿಯೋ ಮಾಡ್ತಿದ್ದ ಆ ನನ್ನ ಕ್ಲಾಸ್‌ಮೇಟೂ ಅಲ್ಲೇ ಇದ್ಲು. ಅವಳು ನನ್ನ ಕಡೆ ನೋಡದೇ ಮೌಂಟನ್ನ ಕೈಗೆ ತಗೊಂಡು ತಿರುಗಿಸ್ತಾ ಇದ್ಲು. "ಒಂದು ವಾರ ನಿದ್ದೆ ಬಂದಿರ್ಲಿಲ್ಲ ನಂಗೆ" ಅಂದ್ಲು. ಅಷ್ಟೇ ಅಂದ್ಲು. ನನಗೆ ಹೇಳೋಕೆ ಏನೂ ಇರ್ಲಿಲ್ಲ, ಸಾರಿ ಅನ್ನೋ ಪದ ತುಂಬಾ ಸಣ್ಣದಾಗಿ ಕೇಳಿಸ್ತು. ಎರಡು ವಾರ ಅವಳು ನನ್ನ ಜೊತೆ ಊಟಕ್ಕೆ ಬರ್ಲಿಲ್ಲ. ಅದು ನ್ಯಾಯವೇ.

ಲೀಡ್ ಅಕ್ಕ ಬಯ್ಯಲೂ ಇಲ್ಲ, ಪರವಾಗಿಲ್ಲ ಅಂತಲೂ ಅನ್ಲಿಲ್ಲ. ಹಳೇ ರಿಪೋರ್ಟ್ ತೆಗೆದು ಆ ವಾಕ್ಯವನ್ನ ತಿದ್ದಿಸಿದ್ಲು. ಚೆಕ್‌ಲಿಸ್ಟಿನಲ್ಲಿ ಟಿಕ್ ಹಾಕೋ ಕಾಲಮ್ಮಿನ ಪಕ್ಕ ಇನ್ನೆರಡು ಕಾಲಮ್ ಸೇರಿಸಿದ್ಲು: ಮಾಡಿದವರ ಹೆಸರು, ಎಳೆದು ನೋಡಿದವರ ಹೆಸರು. ಎರಡೂ ಒಬ್ಬರದೇ ಆಗಿರಬಾರದು.

ಹೊಸ ರಾಕೆಟ್ ಹಾರಿಸಿದ ದಿನ ಎರಡನೇ ಕಾಲಮ್ಮಿಗೆ ಹೆಸರು ಹಾಕೋಕೆ ಯಾರು ಬರ್ತಾರೆ ಅಂದಾಗ ಮುಂದೆ ಬಂದವಳು ಅವಳೇ. ಮೋಟಾರನ್ನ ಹಿಡಿದು ಎಳೆದ್ಲು. ಇನ್ನೊಂದ್ಸಲ ಎಳೆದ್ಲು. ಮೂರನೇ ಸಲ ನಾನು ರಾಕೆಟ್ ಹಿಡ್ಕೊಳ್ಳಬೇಕಾಯ್ತು, ಅಷ್ಟು ಜೋರಾಗಿ ಎಳೆದ್ಲು. ಆಮೇಲೆ ಸೈನ್ ಹಾಕಿದ್ಲು.

ಮೇಲೆ ಅದೇ ಬಿಳಿ ಹೊಗೆಯ ಚುಕ್ಕೆ. ಈ ಸಲ ಆಚೆ ಬಂದಿದ್ದು ಕಿತ್ತಳೆ ಬಣ್ಣದ ಪ್ಯಾರಾಚೂಟು. ರಾಕೆಟ್ ತೂಗಾಡ್ತಾ ಇಳಿದು ಒಂದು ಜಾಲಿ ಗಿಡದ ಮೇಲೆ ಕೂತ್ಕೊಳ್ತು. ಗಿಡದಿಂದ ಬಿಡಿಸೋಕೆ ಹಿಡಿದಷ್ಟು ಹೊತ್ತು ಮೌಂಟು ಬಿಚ್ಚೋಕೆ ಹಿಡೀಲಿಲ್ಲ. ಒಳಗಿನ ಬಳೆಯ ಮೇಲೆ ಮಸಿ ಹಿಡಿದಿತ್ತು, ಒಂದು ಅಂಚು ಸ್ವಲ್ಪ ಕರಕಲಾಗಿತ್ತು. ಅಲ್ಲಿ ಎಪಾಕ್ಸಿ ತೆಳ್ಳಗೆ ಬಳಿದಿದ್ದೆ. ಮುಂದಿನ ಸಲಕ್ಕೆ ಅಂತ ಬರ್ಕೊಂಡೆ, ಪಕ್ಕದಲ್ಲಿ ನನ್ನ ಹೆಸರು ಹಾಕಿ.

ಸಂಜೆ ಮನೆಗೆ ಬಂದಾಗ ತಾತ ಗೇಟಿನ ಹತ್ರಾನೇ ಇದ್ರು. "ಏನಾಯ್ತಮ್ಮಾ?" ಅಂದ್ರು.

"ಹಾರಿಸಿದೆ ತಾತ" ಅಂದೆ.

ಮೌಂಟು ಈಗ ಲ್ಯಾಬಿನ ಎಡಗಡೆ ಡ್ರಾಯರಿನಲ್ಲಿದೆ. ಜೊತೆಗೆ ಒಂದು ಪ್ಲಾಸ್ಟಿಕ್ ಕವರಿನಲ್ಲಿ ಎರಡು ಸುತ್ತು ಹಳೇ ಮಾಸ್ಕಿಂಗ್ ಟೇಪೂ ಇದೆ. ಯಾರು ಬೇಕಾದ್ರೂ ಬಂದು ಬಿಚ್ಚಿ ನೋಡಬಹುದು. 2.5 ಮಿಲಿಮೀಟರಿನ ಅಲೆನ್ ಕೀ ಬೇಕಾಗುತ್ತೆ, ಅದನ್ನೂ ಅಲ್ಲೇ ಇಟ್ಟಿದ್ದೀನಿ. ವಾಪಸ್ ಹಾಕೋವಾಗ ದಯವಿಟ್ಟು ಮೂರೂ ಬೋಲ್ಟ್ ಬಿಗಿ ಮಾಡಿ, ಒಂದ್ಸಲ ಎಳೆದು ನೋಡಿ.